ಇಸ್ಮೆಯ ತಾಯಿಯ ಸಾರು

ಪಾತ್ರೆಗೆ ಯಾರೋ ಕೈ ಹಾಕುತ್ತಿದ್ದಾರೆಂಬುದು ಇಸ್ಮೆಗೆ ಖಾತ್ರಿಯಾಯಿತು. ಮುಚ್ಚಳದ ಹಿಡಿಯನ್ನು ಅವಳು ಯಾವತ್ತೂ ಕಿಟಕಿಯ ಕಡೆಗೆ ತಿರುಗಿಸಿಡುವವಳು. ಬೆಳಿಗ್ಗೆ ನೋಡಿದರೆ ಅದು ಗೋಡೆಯ ಕಡೆಗಿತ್ತು. ಸಾರೂ ಒಂದಿಷ್ಟು ಇಳಿದಿತ್ತು.

ವಲಸಿಗರೇ ತುಂಬಿದ ಫ್ಲಾಟ್‌ಬುಷ್‌ನ ಆ ಬೀದಿಯಲ್ಲಿ ಊಟ ಮಾರುವವರಿಗೇನು ಬರವೇ? ಈ ಪಕ್ಕ ಜಮೈಕಾದವರ ಕೆಂಡದ ಕೋಳಿ, ಆ ಪಕ್ಕ ಟ್ರಿನಿಡಾಡಿನವರ ರೊಟ್ಟಿ, ಎದುರಿಗೆ ಹೈಟಿಯವರ ಕರಿದ ಹಂದಿಮಾಂಸ. ಆದರೆ ಗಯಾನಾದ ಪೆಪ್ಪರ್‌ಪಾಟ್ ಎಂಬ ಮಾಂಸದ ಸಾರು ಬೇಕೆಂದರೆ ಇಸ್ಮೆ ಫೋರ್ಡೈಸಳ ಪುಟ್ಟ ಅಂಗಡಿಗೇ ಬರಬೇಕು. ಮರಗೆಣಸಿನ ರಸ ಕಾಯಿಸಿದ ಕಪ್ಪು ಪಾಕ, ದನದ ಕಾಲು, ಚಕ್ಕೆ, ಲವಂಗ, ಕಣ್ಣಲ್ಲಿ ನೀರು ತರಿಸುವ ಮೆಣಸಿನಕಾಯಿ. ಅಷ್ಟನ್ನು ಯಾರು ಬೇಕಾದರೂ ಮಾಡಿಯಾರು. ಇಸ್ಮೆಯದು ಅವಳ ತಾಯಿ ಗಯಾನಾದ ಜಾರ್ಜ್‌ಟೌನಿನಲ್ಲಿ ಒಲೆಗಿಟ್ಟ ಸಾರು! ಪಾತ್ರೆ ಬರಿದಾಗಲು ಬಿಟ್ಟದ್ದೇ ಇಲ್ಲ. ಹಳೆಯ ಸಾರಿಗೇ ಹೊಸ ಮಾಂಸ ಹಾಕುತ್ತ ಬಂದದ್ದು. ಬೆಳಿಗ್ಗೆ ಒಂದು ಕುದಿ, ಸಂಜೆ ಒಂದು ಕುದಿ ಬಂದರೆ ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಹೊತ್ತು ತಪ್ಪಿತೋ, ಎಂಜಲು ಸೌಟು ಬಿತ್ತೋ, ಕಥೆ ಮುಗಿಯಿತು. ತಾಯಿಯನ್ನು ಮಣ್ಣು ಮಾಡಿ ಬರುವಾಗ ಇಸ್ಮೆ ಆ ಮನೆಯಿಂದ ತಂದದ್ದು ಒಂದು ಬಾಟಲಿ ಸಾರನ್ನು ಮಾತ್ರ.

ಪಕ್ಕದ ಕ್ಷೌರದಂಗಡಿಯ ಎವರಾಲ್ಡ್‌ಗೆ ಊರ ಉಸಾಬರಿಯೆಲ್ಲ ಬೇಕು.

"ಅಂಗಡಿ ಹಿಂದೆ ಇರೋದು ನೀವಿಬ್ರೇ. ನೀನಲ್ಲ ಅಂದ್ಮೇಲೆ ಇನ್ಯಾರು, ದೆವ್ವಾನಾ? ನಿನ್ನ ಮನೇಲಿ ಬಾಡಿಗೆಗಿರೋ ಹುಡುಗಿ ಮಿರ್ಲಾಂದ್ ಆ ಹೈಟಿ ಹೋಟ್ಲಲ್ಲಿ ತಾನೇ ಅಡುಗೆ ಮಾಡೋದು? ಇವತ್ತು ರುಚಿ ನೋಡ್ತಾಳೆ, ನಾಳೆ ಬೋರ್ಡ್ ಹಾಕ್ತಾಳೆ!"

ಮಾತು ಇಸ್ಮೆಯ ತಲೆಯೊಳಗೆ ಹುಳದ ಹಾಗೆ ಕೊರೆಯತೊಡಗಿತು. ಮಿರ್ಲಾಂದ್ ನಕ್ಕರೆ ಯಾಕೆ ನಕ್ಕಳು, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾಳೆ. ಒಳಗೆ ಬಂದವಳೇ ಉಜ್ಜಿ ಉಜ್ಜಿ ಕೈ ತೊಳೆಯುತ್ತಾಳಲ್ಲ, ಅದ್ಯಾಕೆ? ಒಂದು ಸಂಜೆ ಇಸ್ಮೆ ಕುರ್ಚಿಗೊರಗಿ ಕಣ್ಣು ಮುಚ್ಚಿ ಹೊಂಚು ಹಾಕಿದಳು. ಮಿರ್ಲಾಂದ್ ಬಂದಳು, ಕೈ ತೊಳೆದಳು, ಒಲೆ ಹಚ್ಚಿದಳು, ಮುಚ್ಚಳ ತೆಗೆದು ಸೌಟು ಇಳಿಬಿಟ್ಟಳು.

"ಸಿಕ್ಕಿಬಿದ್ಯಾ ಕಳ್ಳಿ!"

ಹುಡುಗಿ ಬೆಚ್ಚಿದಳು. "ಅಯ್ಯೋ, ಮಿಸ್ ಇಸ್ಮೆ... ನೀವು ದಣಿದು ಬಂದು ಕೂತಲ್ಲೇ ನಿದ್ದೆ ಹೋಗ್ತೀರಿ. ಒಂದು ಕುದಿ ಬರಿಸಿ ಇಡ್ತಿದ್ದೆ ಅಷ್ಟೇ, ಕುದ್ದು ಒಂಚೂರು ಬತ್ತಿರಬಹುದು. ಇಂಥಾ ಸಾರು ಹಾಳಾಗೋದು ನೋಡೋಕಾಗಲ್ಲ ನಂಗೆ."

"ನಾನು ನಿದ್ದೆ ಹೋಗ್ತೀನಾ? ಕದಿಯೋದಲ್ದೆ ಕಥೆ ಬೇರೆ ಕಟ್ತೀಯಾ? ನಮ್ಮಮ್ಮನ ಸಾರು ಕಣೇ ಅದು! ನಡಿ ಆಚೆ!"

ಮಿರ್ಲಾಂದ್ ಪೆಟ್ಟಿಗೆ ಕಟ್ಟಿಕೊಂಡು ಹೊರಟಳು. ಎವರಾಲ್ಡ್ ಇಸ್ಮೆಯ ಬೆನ್ನು ತಟ್ಟಿದ. ಅವಳಿಗೂ ನಿರಾಳವಾಯಿತು. ಮುಚ್ಚಳದ ಹಿಡಿ ಈಗ ಇಟ್ಟಲ್ಲೇ ಇರುತ್ತಿತ್ತು, ಸಾರೂ ಇಳಿಯುತ್ತಿರಲಿಲ್ಲ.

ಆ ವಾರ ಕಳೆಯುವ ಮೊದಲೇ ಒಂದು ಬೆಳಿಗ್ಗೆ ಅವಳಿಗೆ ಕುರ್ಚಿಯಲ್ಲೇ ಎಚ್ಚರವಾಯಿತು. ಹಿಂದಿನ ಸಂಜೆ ಬೂಟು ಬಿಚ್ಚಲೆಂದು ಕೂತವಳು. ಬೂಟು ಇನ್ನೂ ಕಾಲಲ್ಲೇ ಇತ್ತು. ಮುಚ್ಚಳ ತೆಗೆದಳು. ಬಿಳಿ ನೊರೆ, ಮೂಗಿಗೆ ಹೊಡೆಯುವ ಹುಳಿ ವಾಸನೆ. ಕುದಿಸಿದಳು, ಲವಂಗ ಹಾಕಿದಳು, ಮತ್ತೆ ಕುದಿಸಿದಳು. ನಾಲಿಗೆಗೆ ಹಚ್ಚಿಕೊಂಡು ಉಗಿದಳು. ಅಮ್ಮಾ ಎಂದು ಅಡುಗೆಮನೆಯ ನೆಲದ ಮೇಲೇ ಕುಸಿದು ಅತ್ತಳು.

ಆಮೇಲೆ ಏನೋ ಹೊಳೆದಂತಾಗಿ ಎದ್ದು, ಏಪ್ರನ್ನಿನಲ್ಲೇ ರಸ್ತೆ ದಾಟಿ ಹೈಟಿಯವರ ಹೋಟೆಲಿಗೆ ನುಗ್ಗಿದಳು. ಮಿರ್ಲಾಂದ್ ಬಾಳೆಕಾಯಿ ಕರಿಯುತ್ತಿದ್ದಳು.

"ಕದ್ದಿದ್ದೀಯ ತಾನೇ?" ಇಸ್ಮೆ ಅವಳ ಎರಡೂ ಕೈ ಹಿಡಿದುಕೊಂಡಳು. "ನಮ್ಮಮ್ಮನ ಸಾರು... ಹಳಸಿಹೋಯ್ತು ಕಣೇ. ಒಂದು ಲೋಟನಾದ್ರೂ ತೆಗೆದಿಟ್ಟಿರ್ತೀಯ. ನಾನು ಬೈಯಲ್ಲ, ದಮ್ಮಯ್ಯ, ಕದ್ದೆ ಅಂತ ಒಂದು ಮಾತು ಹೇಳು!"

ಊಟಕ್ಕೆ ಕೂತವರೆಲ್ಲ ತಲೆಯೆತ್ತಿ ನೋಡಿದರು. ಮಿರ್ಲಾಂದಳ ಕಣ್ಣು ತುಂಬಿ ಬಂತು.

"ಇಲ್ಲ, ಮಿಸ್ ಇಸ್ಮೆ. ಒಂದು ಹನೀನೂ ತಗೊಂಡಿಲ್ಲ."

ಈ ಸಲ ಇಸ್ಮೆ ಅವಳ ಮಾತನ್ನು ನಂಬಿದಳು.