ಬಸಲಿಂಗನ ಬ್ಯಾಟರಿ ಉಳಿತಾಯ

ಪರದೆ ಕಪ್ಪಾದ ಮೇಲೂ ಬಸಲಿಂಗ ಹತ್ತು ನಿಮಿಷ ಕೈಮುಗಿದುಕೊಂಡೇ ಕೂತಿದ್ದ. ಪರಿಹಾರದ ಕೇಸು ನಡೆಸುವ ಅಧಿಕಾರಿ ಯೋಚನೆಯಲ್ಲಿದ್ದಾರೆ, ನಡುವೆ ಬಾಯಿ ಹಾಕಬಾರದು ಅಂದುಕೊಂಡಿದ್ದನಂತೆ. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು. ಆನ್‌ಲೈನ್ ವಿಚಾರಣೆಯಲ್ಲಿ ತನ್ನನ್ನು ಗೈರುಹಾಜರು ಎಂದು ಬರೆದು ಮುಂದಿನ ತಾರೀಕು ಕೊಟ್ಟದ್ದು ಅವನಿಗೆ ತಿಳಿದದ್ದು ಸಂಜೆ, ವಕೀಲ ಶಿವಶಂಕರ್ ಬೈದಾಗ.

ಮುಗಿಯಲು ಇದ್ದದ್ದಾದರೂ ಒಂದೂವರೆ ಕೈ. ಸುರಪುರದ ಕಡೆಯಿಂದ ಬಂದು, ಪೀಣ್ಯದ ಶೆಡ್ಡೊಂದರಲ್ಲಿ ಒಂಬತ್ತು ವರ್ಷ ಪ್ರೆಸ್ ಮೆಷಿನ್ ನಡೆಸಿದವನ ಬಲಗೈಯ ನಾಲ್ಕು ಬೆರಳುಗಳನ್ನು ಆ ಮೆಷಿನ್ನೇ ಇಟ್ಟುಕೊಂಡಿತು. ಕಂಪನಿ ಅದನ್ನು ಕೆಲಸಗಾರನ ಕೈತಪ್ಪು ಎಂದು ಬರೆಯಿತು. ಕೈ ತಪ್ಪಿಹೋದದ್ದಂತೂ ನಿಜ. ದುಡಿಯುವ ಶಕ್ತಿ ಎಷ್ಟು ಹೋಗಿದೆ ಎಂದು ಅಧಿಕಾರಿ ತೀರ್ಮಾನಿಸುತ್ತಾರೋ ಅಷ್ಟೇ ಪರಿಹಾರ.

ಅವನಿದ್ದದ್ದು ರಾಜಗೋಪಾಲನಗರದ ಬಾಡಿಗೆ ರೂಮಿನಲ್ಲಿ. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಕರೆಂಟ್ ಯಾಕೆ ಎಂದು ಓನರ್ ಲಕ್ಷ್ಮಯ್ಯ ಬೆಳಿಗ್ಗೆ ಹತ್ತಕ್ಕೆ ರೂಮುಗಳ ಮೇನ್ ಸ್ವಿಚ್ ಇಳಿಸಿದರೆ ಎತ್ತುವುದು ಸಂಜೆ ಆರಕ್ಕೆ. ಹಗಲು ಮನೆಯಲ್ಲಿ ಕೂರುವ ಗಂಡಸಿಗೆ ಆ ಏರ್ಪಾಟಿನಲ್ಲಿ ಜಾಗವಿರಲಿಲ್ಲ. ಇದ್ದ ಒಂದೇ ಫೋನು ಗಾರ್ಮೆಂಟ್ಸಿಗೆ ಹೋಗುವ ಹೆಂಡತಿ ಭುವನೇಶ್ವರಿಯ ಜೊತೆ ಹೋಗುತ್ತಿತ್ತು. ಲ್ಯಾಪ್‌ಟಾಪು ಲಕ್ಷ್ಮಯ್ಯನ ಸೊಸೆ ಕೃಪಾ ಕೊಟ್ಟ ಹಳೆಯದು. ಪುಕ್ಕಟೆ ಸಿಗುತ್ತದೆಂದು ಅದಕ್ಕೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದ್ದಳು. ತಮ್ಮ ಮನೆಯ ವೈಫೈ ಪಾಸ್‌ವರ್ಡನ್ನೂ ಕೊಟ್ಟಳು. ವೈಫೈ ಕಣ್ಣಿಗೆ ಕಾಣುವುದಿಲ್ಲ. ಮಾವನ ಎದುರು ಕರೆಂಟಿನ ವೈರ್ ಎಳೆದುಕೊಡುವ ಧೈರ್ಯ ಆಕೆಗಿರಲಿಲ್ಲ.

ಬ್ಯಾಟರಿ ಬಾಳುತ್ತಿದ್ದದ್ದು ಒಂದು ಗಂಟೆ. ವಿಚಾರಣೆಯಲ್ಲಿ ಹೆಸರು ಕೂಗುವಷ್ಟರಲ್ಲಿ ಎರಡು ಗಂಟೆ. ಮೊದಲ ದಿನ ಕೃಪಾ ದಾರಿ ತೋರಿಸಿದಳು. ಆಮೇಲೆ ಬಸಲಿಂಗ ಎಡಗೈಯ ಒಂದು ಬೆರಳಿನಲ್ಲಿ ಕಮಾಂಡುಗಳನ್ನು ಒಂದೊಂದೇ ಅಕ್ಷರ ಕುಟ್ಟುತ್ತ ಕೂತ. ಬ್ಲೂಟೂತ್ ಆರಿಸಿದ, ಪರದೆಯ ಬೆಳಕು ತಗ್ಗಿಸಿದ, ಪ್ರೊಸೆಸರ್ ವೇಗಕ್ಕೆ ಮಿತಿ ಹಾಕಿದ, ಬ್ಯಾಟರಿ ಉಳಿಸುವ ಪ್ರೋಗ್ರಾಮೊಂದನ್ನು ಕೂರಿಸಿದ. ಒಂದು ಅಕ್ಷರ ತಪ್ಪಿ ಎರಡು ದಿನ ಯಂತ್ರ ಏಳಲೇ ಇಲ್ಲ. ಹನ್ನೊಂದನೆಯ ದಿನ ಎರಡು ಗಂಟೆ ದಾಟಿಸಿದ.

ಆ ಕೈಯಲ್ಲಿ ಏನೂ ಆಗುವುದಿಲ್ಲ, ಬೇರೆ ಯಾವ ಕೆಲಸವೂ ಬರುವುದಿಲ್ಲ, ಇಷ್ಟು ಮಾತ್ರ ಹೇಳು ಎಂದು ಶಿವಶಂಕರ್ ಪಾಠ ಮಾಡಿದ್ದರು. ಅವನು ಅದನ್ನು ಬಾಯಿಪಾಠ ಮಾಡಿಕೊಂಡಿದ್ದ ಕೂಡ.

ಎರಡನೆಯ ವಿಚಾರಣೆಯಲ್ಲಿ ಹೆಸರು ಕೂಗಿದಾಗ ಹನ್ನೆರಡು ದಾಟಿತ್ತು. ಅಧಿಕಾರಿ ಒಳ್ಳೆಯ ಮನುಷ್ಯರು, ಮೊದಲು ಕುಶಲ ವಿಚಾರಿಸಿದರು.

"ಹೋದ್ಸಲ ಆಫ್ ಆಗ್ಬಿಟ್ಟಿತ್ತಲ್ರೀ. ಈ ಸಲ ಯಾರು ಸರಿ ಮಾಡ್ಕೊಟ್ರು?"

"ನಾನ ಮಾಡ್ಕೊಂಡೀನ್ರಿ ಸಾಹೇಬ್ರ."

ಕಂಪನಿಯ ವಕೀಲರು ತಕ್ಷಣ ಮುಂದಕ್ಕೆ ಬಾಗಿದರು. "ದಯವಿಟ್ಟು ನೋಟ್ ಮಾಡ್ಕೊಳ್ಳಿ ಸಾರ್. ಕಂಪ್ಯೂಟರ್ ಕೆಲಸ ಬರುತ್ತೆ ಇವ್ರಿಗೆ."

ಪರದೆಯ ಮೂಲೆಯ ಚೌಕದಲ್ಲಿ ಶಿವಶಂಕರ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

ತಿಂಗಳಾದ ಮೇಲೆ ಆದೇಶ ಬಂತು. ಪರಿಹಾರ ಕೇಳಿದ್ದರ ಅರ್ಧಕ್ಕಿಂತಲೂ ಕೆಳಗಿಳಿದಿತ್ತು: ಅರ್ಜಿದಾರರು ಕಂಪ್ಯೂಟರ್ ಬಲ್ಲವರು. ಆ ಮಾತನ್ನು ನಂಬಿ ಬಸಲಿಂಗ ಮೂರು ಕಡೆ ಕೆಲಸ ಕೇಳಿದ. ಮೂರೂ ಕಡೆ ಮೊದಲು ನೋಡಿದ್ದು ಕೈಯನ್ನು.

ಆದೇಶ ಓದಿದ ಕೃಪಾಗೆ ಅಳು ಬಂತು. ಮೆಟ್ಟಿಲ ಮೇಲೆ ಕೂತಿದ್ದವನನ್ನು ಕೇಳಿದಳು, "ನನ್ ಹೆಸರು ಹೇಳ್ಬಾರ್ದಿತ್ತಾ ಬಸಲಿಂಗಣ್ಣ? ಒಂದೇ ಒಂದು ಸುಳ್ಳು, ಯಾಕೆ ಹೇಳ್ಲಿಲ್ಲ?"

ಸತ್ಯ, ಮರ್ಯಾದೆ ಎಂದೇನೋ ಬರುತ್ತದೆಂದು ಆಕೆ ಕಾದಳು.

"ಬ್ಯಾಟ್ರಿ ಮೂರು ಪರ್ಸೆಂಟ್ ಇತ್ರಿ ಅಕ್ಕಾರ," ಎಂದ. "ಸುಳ್ಳು ಹೇಳಾಕ ಟೈಮ್ ಬೇಕಲ್ರಿ."