ಜಪಾನಿನವರಿಗೂ ಬಾರದ ಇಂಗ್ಲಿಷ್

ಜಪಾನಿನವರಿಗೆ ಇಂಗ್ಲಿಷ್ ಮಾತಾಡಲು ಬರುವುದಿಲ್ಲ ಎಂದು ಅದುವರೆಗೆ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ದೆಹಲಿಯ ಜನಕಪುರಿಯಲ್ಲಿ ನಾನಿರುವ ಚಿಕ್ಕಮ್ಮನ ಮನೆಯ ಬಾಲ್ಕನಿಯಲ್ಲಿ ನಿಂತು, ಒಣಗಲು ಹಾಕಿದ್ದ ಬಟ್ಟೆಗಳ ಮುಂದೆ ವಾರವಿಡೀ ಭಾಷಣ ಮಾಡುತ್ತಿರಲಿಲ್ಲ.

ನಾನು ಕೆಲಸ ಮಾಡುವುದು ದೆಹಲಿಯಾಚೆ ಮಾನೇಸರಿನ ಒಂದು ಕಾರ್ಖಾನೆಯಲ್ಲಿ. ಕಾರಿನ ಸೀಟಿನ ಕೆಳಗಿರುವ ಕಬ್ಬಿಣದ ಚೌಕಟ್ಟನ್ನು ನಾವು ವೆಲ್ಡಿಂಗ್ ಮಾಡಿ ಕಳಿಸುತ್ತೇವೆ. ಆ ಚೌಕಟ್ಟಿನ ಒಂದು ತೂತು ದಿನದಿಂದ ದಿನಕ್ಕೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತಿತ್ತು. ಯಾಕೆ ಅಂತ ಯಾರಿಗೂ ಗೊತ್ತಾಗಿರಲಿಲ್ಲ, ನಾನು ಪತ್ತೆ ಮಾಡಿದೆ. ಅದೇ ಹೊತ್ತಿಗೆ ಜಪಾನಿನ ಮೂಲ ಕಂಪನಿಯ ಹಿರಿಯರು ಬರುತ್ತಾರೆ, ನಮ್ಮ ವಿಭಾಗದಿಂದ ಒಬ್ಬರನ್ನು ಆರಿಸಿ ತರಬೇತಿಗೆ ಅಲ್ಲಿಗೆ ಕಳಿಸುತ್ತಾರೆ ಎಂಬ ಸುದ್ದಿ ಬಂತು. ನನಗೆ ಹೋಗಬೇಕಿತ್ತು. ಅಷ್ಟು ಆಸೆಪಟ್ಟು ನಾನು ಬೇರೆ ಯಾವುದನ್ನೂ ಕೇಳಿದವಳಲ್ಲ.

ಮ್ಯಾನೇಜರು ನನ್ನನ್ನು ಕರೆದು, "ಕಾಮ್ ತೋ ಆಪ್ ಕಾ ಅಚ್ಛಾ ಹೈ, ಲೇಕಿನ್ ಇಂಗ್ಲಿಷ್..." ಎಂದರು. ಕೆಲಸವೇನೋ ಚೆನ್ನಾಗಿದೆ, ಆದರೆ ಇಂಗ್ಲಿಷ್, ಎಂದು ಅಲ್ಲಿಗೇ ನಿಲ್ಲಿಸಿದರು. ಪತ್ತೆ ಮಾಡಿದವಳು ನಾನಾದ್ದರಿಂದ ಅತಿಥಿಗಳ ಮುಂದೆ ನಾನೇ ವಿವರಿಸಬೇಕು, ಆದರೆ ಪೂರ್ತಿ ಇಂಗ್ಲಿಷಿನಲ್ಲಿ, ತಡವರಿಸದೆ ವಿವರಿಸಬೇಕು ಎಂದರು. ಪಕ್ಕದ ಟೇಬಲ್ಲಿನ ಸಹೋದ್ಯೋಗಿಯ ಕಡೆ ಒಮ್ಮೆ ನೋಡಿದರು. ಅವನು ದೆಹಲಿಯ ದೊಡ್ಡ ಶಾಲೆಯಲ್ಲಿ ಓದಿದವನು, ಇಂಗ್ಲಿಷನ್ನು ನೀರು ಕುಡಿದಂತೆ ಮಾತಾಡುತ್ತಾನೆ.

ಆ 'ಲೇಕಿನ್' ನನಗೆ ಹೊಸದಲ್ಲ. ಹಿರಿಯೂರಿನ ಸರ್ಕಾರಿ ಶಾಲೆಯಲ್ಲಿ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು, ಎಂಜಿನಿಯರಿಂಗ್ ಸೇರಿದ ಮೇಲೆ ಗೊತ್ತಿದ್ದ ಉತ್ತರವನ್ನೂ ಹೇಳಲಾಗದೆ ನಿಂತವಳು. ಹಾಸ್ಟೆಲಿನ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ಒಂದು ಸಲವಲ್ಲ. ಸಂದರ್ಶನಗಳಲ್ಲಿ ನನ್ನ ಅಂಕ ನೋಡಿ ಹುಬ್ಬೇರಿಸಿದವರು, ನಾನು ಬಾಯಿ ಬಿಟ್ಟ ಕೂಡಲೇ ಹುಬ್ಬು ಇಳಿಸುತ್ತಿದ್ದರು.

ಚಿಕ್ಕಮ್ಮನ ಮಗಳು ನನಗೆ ಗುರುವಾದಳು. ಕಾಲೇಜಿಗೆ ಹೋಗುವ ಹುಡುಗಿ, ದೆಹಲಿಯಲ್ಲೇ ಹುಟ್ಟಿ ಬೆಳೆದವಳು. "ಅಕ್ಕಾ, ಇಷ್ಟು ಫಾಸ್ಟ್ ಬೇಡ ಯಾರ್. ಥೋಡಾ ರುಕ್ ಕೇ ಹೇಳು. ಮತ್ತೆ ಮುಖ ಯಾಕೆ ಹಾಗೆ ಇಟ್ಕೊಂಡಿದೀಯ?" ಎಂದು ತಿದ್ದುತ್ತಿದ್ದಳು. ಅಡುಗೆಮನೆಯಿಂದ ಚಿಕ್ಕಮ್ಮ, "ಜಪಾನಿನವರೇನು ನಿನ್ನ ತಿಂದುಬಿಡ್ತಾರಾ? ಸಾರು ಆರ್ತಾ ಇದೆ, ಬಾ," ಎನ್ನುತ್ತಿದ್ದರು. ನನಗೆ ಊಟ ಸೇರುತ್ತಿರಲಿಲ್ಲ.

ಆ ದಿನ ನಾಲ್ವರು ಅತಿಥಿಗಳು ಬಂದರು. ಅವರಲ್ಲಿ ಹಿರಿಯರಾದವರಿಗೆ ತಲೆಯೆಲ್ಲ ಬೆಳ್ಳಗಾಗಿತ್ತು. ದುಭಾಷಿ ಬರಬೇಕಿತ್ತು, ಹೆದ್ದಾರಿಯ ಟೋಲ್ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಳು. ಇಂಗ್ಲಿಷ್ ಇದೆಯಲ್ಲ, ಶುರು ಮಾಡೋಣ ಎಂದರು ಮ್ಯಾನೇಜರು. ನಾನು ಶುರು ಮಾಡಿದೆ. ಬಾಲ್ಕನಿಯಲ್ಲಿ ಹೇಳಿದ ಹಾಗೇ, ನಿಲ್ಲಿಸಿ ನಿಲ್ಲಿಸಿ, ಒಂದು ಮಾತೂ ಬಿಡದೆ ಹೇಳಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಹಿರಿಯರು ಕಣ್ಣು ಮುಚ್ಚಿಕೊಂಡರು. ಇನ್ನೊಬ್ಬರೂ ಮುಚ್ಚಿದರು. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಗಮನವಿಟ್ಟು ಕೇಳುವಾಗ ಅವರಲ್ಲಿ ಹಲವರು ಕಣ್ಣು ಮುಚ್ಚುತ್ತಾರೆ ಎಂದು ನನಗೆ ತಿಳಿದದ್ದು ಆಮೇಲೆ.

ಪ್ರಶ್ನೆಗಳೇನಾದರೂ ಇವೆಯೇ ಎಂದು ಮ್ಯಾನೇಜರು ಇಂಗ್ಲಿಷಿನಲ್ಲಿ ಕೇಳಿದರು. ಉಳಿದವರು ಹಿರಿಯರ ಕಡೆ ನೋಡಿದರು. ಕೊನೆಗೆ ಹಿರಿಯರು ಎದ್ದು ನಿಂತು, ತಲೆ ಬಾಗಿಸಿ, "ಸಾರಿ. ಇಂಗ್ಲಿಷ್... ನೋ," ಎಂದರು. ಉಳಿದ ಮೂವರೂ ತಲೆ ಬಾಗಿಸಿದರು.

ನಾನು ಸ್ಲೈಡು ಬದಲಿಸುವ ರಿಮೋಟನ್ನು ಟೇಬಲ್ಲಿನ ಮೇಲಿಟ್ಟೆ. ನಮ್ಮ ಕಾರ್ಖಾನೆಯ ಒಂದೊಂದು ಯಂತ್ರವೂ ಇವರ ದೇಶದಿಂದ ಬಂದದ್ದು. ಚಿಕ್ಕವಳಿದ್ದಾಗ ನಮ್ಮನೆಯ ಗೋಡೆ ಗಡಿಯಾರ, ಅಪ್ಪನ ಕ್ಯಾಲ್ಕುಲೇಟರು, ಎಲ್ಲಕ್ಕೂ ಜಪಾನ್ ಎಂದರೆ ಮುಗಿಯಿತು, ಅದರಾಚೆ ಮಾತಿಲ್ಲ. ಆ ಜಪಾನಿನ ದೊಡ್ಡ ಮನುಷ್ಯರು ಇಂಗ್ಲಿಷ್ ಬರುವುದಿಲ್ಲ ಎನ್ನುತ್ತಿದ್ದಾರೆ. ಹಾಗಾದರೆ ನಾನು ಅಷ್ಟು ವರ್ಷ ನಲ್ಲಿ ಬಿಟ್ಟುಕೊಂಡು ಅತ್ತದ್ದು ಯಾವ ಸೌಭಾಗ್ಯಕ್ಕೆ? ಮೈಯೆಲ್ಲ ಉರಿಯಿತು. ಮ್ಯಾನೇಜರ ಮುಖ ನೋಡಿದೆ, ಅದು ಬಿಳಚಿಕೊಂಡಿತ್ತು.

ಆಮೇಲೆ ಹಿರಿಯರು ಮಾಡಿದ್ದು ಅವರಲ್ಲಿ ರೂಢಿಯಲ್ಲಿರುವ ಕ್ರಮ: ಮಾತು ಸಾಲದಿದ್ದರೆ ವಸ್ತುವಿದ್ದಲ್ಲಿಗೇ ಹೋಗಿ ನೋಡುವುದು. ಟೋಪಿ ಹಾಕಿಕೊಂಡು ಬಾಗಿಲ ಕಡೆ ಕೈ ತೋರಿಸಿ, ನಾನು ಮುಂದೆ ನಡೆಯಲಿ ಎಂದು ಕಾದರು. ವೆಲ್ಡಿಂಗ್ ಯಂತ್ರದ ಹತ್ತಿರ ಹೋದ ಮೇಲೆ ನನ್ನ ಇಂಗ್ಲಿಷ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಚೌಕಟ್ಟು ಅಲುಗಾಡದಂತೆ ಹಿಡಿಯುವ ಒಂದು ಪಿನ್ನು ಅಲ್ಲಿರುತ್ತದೆ. "ಇಲ್ಲಿ ನೋಡಿ ಸರ್, ಎಲ್ರೂ ಎಡಗಡೆಯಿಂದಾನೇ ಚೌಕಟ್ಟು ಹಾಕ್ತಾರೆ. ಅದಕ್ಕೆ ಪಿನ್ನು ಒಂದೇ ಕಡೆ ಸವೀತಾ ಇದೆ, ತೂತು ಸರೀತಾ ಇದೆ," ಎಂದು ಕನ್ನಡದಲ್ಲಿ ಹೇಳುತ್ತ ಪಿನ್ನಿನ ಮೇಲೆ ಉಗುರು ಎಳೆದು ತೋರಿಸಿದೆ. ಅವರು ಕುಕ್ಕರಗಾಲಿನಲ್ಲಿ ಕೂತು, ಕೈಗವಸು ತೆಗೆದು, ತಮ್ಮ ಉಗುರನ್ನೂ ಅಲ್ಲೇ ಎಳೆದರು. ಸವೆದ ಜಾಗದಲ್ಲಿ ಉಗುರು ತಡೆಯಿತು. ನನ್ನ ಕಡೆ ತಿರುಗಿ ಜಪಾನಿಯಲ್ಲಿ ಏನೋ ಕೇಳಿದರು. ಇನ್ನೊಂದು ಯಂತ್ರದ ಪಿನ್ನು ಹೇಗಿದೆ ಎಂದೇ ಇರಬೇಕು ಎಂದುಕೊಂಡು ಅಲ್ಲಿಗೆ ಕರೆದುಕೊಂಡು ಹೋದೆ. ಸರಿಯಾಗಿತ್ತು ನನ್ನ ಊಹೆ.

ದುಭಾಷಿ ಬಂದು ಮುಟ್ಟುವಷ್ಟರಲ್ಲಿ ನಮ್ಮ ಕೆಲಸ ಮುಗಿದಿತ್ತು. ಹಿರಿಯರು ಅವಳ ಮೂಲಕ ಮ್ಯಾನೇಜರಿಗೆ, ಇವರನ್ನು ನಮ್ಮಲ್ಲಿಗೆ ಕಳಿಸಿ, ನಮ್ಮ ಹುಡುಗರಿಗೂ ಇದನ್ನು ತೋರಿಸಲಿ ಎಂದರು. ಸಂತೋಷದಲ್ಲಿ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಇಂಗ್ಲಿಷ್ ಇಲ್ಲದೆಯೂ ಮನುಷ್ಯ ಇಷ್ಟು ಎತ್ತರಕ್ಕೆ ಏರಬಹುದು ಎಂದು ನಿಮ್ಮನ್ನು ನೋಡಿ ತಿಳಿಯಿತು, ನೀವು ಪುಣ್ಯವಂತರು ಎಂದು ಅವರಿಗೆ ಹೇಳಿ ಎಂದು ದುಭಾಷಿಗೆ ಹಿಂದಿಯಲ್ಲಿ ಹೇಳಿದೆ. ಅವಳು ಸ್ವಲ್ಪ ಹಿಂದೆಮುಂದೆ ನೋಡಿ, ಹೇಳಿದಳು.

ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಪಿನ್ನನ್ನೇ ನೋಡುತ್ತ ನಿಧಾನವಾಗಿ ಮಾತಾಡಿದರು, ದುಭಾಷಿ ನನಗೆ ಹಿಂದಿಯಲ್ಲಿ ಹೇಳುತ್ತ ಹೋದಳು. ಶಾಲೆಯಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಓದಿದ್ದಾರಂತೆ, ಪತ್ರಿಕೆ ಓದಿದರೆ ಅರ್ಥವಾಗುತ್ತದಂತೆ, ಅವರಲ್ಲಿ ಬಹಳ ಜನರ ಪಾಡು ಇದೇ ಅಂತೆ. ಬಾಯಿ ಮಾತ್ರ ತೆರೆಯುವುದಿಲ್ಲ, ತಪ್ಪಾದರೆ ಎಂಬ ನಾಚಿಕೆ. ಹೊರದೇಶದ ಕಾರ್ಖಾನೆಗೆ ಮುಖ್ಯಸ್ಥರನ್ನು ಕಳಿಸುವಾಗಲೆಲ್ಲ ಇವರ ಕೈಕೆಳಗೆ ಕಲಿತವರು ಹೋದರು, ಇವರು ಅಲ್ಲೇ ಉಳಿದರು. ಮುಂದಿನ ವರ್ಷ ನಿವೃತ್ತಿ. ನಾನು ಹೇಳಿದ್ದು ಬಹುಪಾಲು ಅರ್ಥವಾಗಿತ್ತಂತೆ. ಕೇಳಲು ಒಂದು ಪ್ರಶ್ನೆಯನ್ನು ಮನಸ್ಸಿನಲ್ಲೇ ಕಟ್ಟುತ್ತಿದ್ದರಂತೆ, ಅದು ಸರಿಯಾಗುವಷ್ಟರಲ್ಲಿ ಕೇಳುವ ಹೊತ್ತು ಮೀರಿತ್ತು.

ನನಗೆ ಮೊದಲಿನದಕ್ಕಿಂತ ದೊಡ್ಡ ಏಟು ಬಿದ್ದದ್ದು ಆಗ. ಹಾಸ್ಟೆಲಿನಲ್ಲಿ ಅಳುತ್ತಿದ್ದ ಆ ಹುಡುಗಿ ತಲೆ ಬೆಳ್ಳಗಾಗಿ ನನ್ನೆದುರು ನಿಂತಂತಾಯಿತು. ನಾನು ತಲೆ ಬಾಗಿಸಿದೆ. ಅವರೂ ಬಾಗಿಸಿದರು.

ಮರುದಿನ ಮ್ಯಾನೇಜರು ತಮ್ಮ ಕ್ಯಾಬಿನ್ನಿಗೆ ಕರೆದರು. ಪಕ್ಕದ ಟೇಬಲ್ಲಿನವನು ಆಗಲೇ ಅಲ್ಲಿ ಕೂತಿದ್ದ. ಅತಿಥಿಗಳು ನಿಮ್ಮನ್ನು ಮೆಚ್ಚಿದ್ದು ಸಂತೋಷ ಎಂದು ಹಿಂದಿಯಲ್ಲಿ ಶುರು ಮಾಡಿ, "ಆದರೆ ನೋಡಿ, ಅಲ್ಲಿ ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಅದಕ್ಕೇ ನಮ್ಮ ಕಡೆಯವರಿಗಾದರೂ ಚೆನ್ನಾಗಿ ಬರಬೇಕಲ್ಲವೇ?" ಎಂದು ಅವನ ಕಡೆ ಕೈ ತೋರಿಸಿದರು.

ಅವರಿಗೂ ಬಾರದ ಭಾಷೆ ನನಗೆ ಸಾಲದೆಂದು ನನ್ನನ್ನು ಬಿಡುವುದು ಯಾವ ಲೆಕ್ಕ? ಅಭ್ಯಾಸಬಲದಿಂದ ಒಳಗೆ ಒಂದು ವಾಕ್ಯ ಕಟ್ಟತೊಡಗಿದೆ, ಕರ್ತೃ, ಕ್ರಿಯಾಪದ, ಎಲ್ಲ ಸರಿಯಾಗಿ. ಅಷ್ಟರಲ್ಲಿ ಮ್ಯಾನೇಜರು ಅವನ ಹೆಸರು ತಿಳಿಸಲು ಫೋನೆತ್ತಿಕೊಂಡರು. ಕುಕ್ಕರಗಾಲಿನಲ್ಲಿ ಕೂತ ಆ ಮನುಷ್ಯ ನೆನಪಾದರು. ಕಟ್ಟುವುದನ್ನು ಅಲ್ಲಿಗೇ ಬಿಟ್ಟೆ.

"ಸರ್, ಹೀ ಟೋಲ್ಡ್ ಮೀ ಕಮ್. ಪಿನ್ ಈಸ್ ಮೈ ವರ್ಕ್. ಐ ಗೋ," ಎಂದೆ.

ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಪಕ್ಕದವನು ತಲೆ ತಗ್ಗಿಸಿ ನಗು ತಡೆದುಕೊಂಡ. ಮ್ಯಾನೇಜರು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. ನಾನು ಕದಲಲಿಲ್ಲ. ಅವರು ಫೋನನ್ನು ಕೆಳಗಿಟ್ಟು ಕೇಳಿದರು.

"ಪಾಸ್‌ಪೋರ್ಟ್ ಹೈ?"

"ಇದೆ ಸರ್," ಎಂದೆ, ಕನ್ನಡದಲ್ಲೇ.