ಮೌನದ ಬ್ಯಾಡ್ಜ್ ಹಾಕಿಕೊಂಡು ಊರು ಸುತ್ತಿದ್ದು

ಶಿಬಿರಕ್ಕೆ ನನ್ನ ಹೆಸರು ಬರೆಸಿದವಳು ನನ್ನ ಹೆಂಡತಿ. ಆಗ ನನಗೆ ಐವತ್ತು ತುಂಬಿತ್ತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮಷೀನುಗಳ ಮೇಲ್ವಿಚಾರಕನಾಗಿದ್ದೆ. ಆ ಗದ್ದಲದಲ್ಲಿ ಮಾತು ಅಂದರೆ ಕೂಗು, ಅದೂ ನಾಲ್ಕೇ ಪದ. ಬಸವೇಶ್ವರನಗರದ ಮನೆಗೆ ಬಂದರೂ ಅದೇ ಚಾಳಿ. ಅವಳು ಏನಾದರೂ ಹೇಳಲು ಶುರು ಮಾಡಿದರೆ ಎರಡನೇ ವಾಕ್ಯಕ್ಕೇ "ವಿಷಯಕ್ಕೆ ಬಾ" ಅನ್ನುತ್ತಿದ್ದೆ. ಇಪ್ಪತ್ತಾರು ವರ್ಷ ಹಾಗೇ ಅಂದೆ. ಇವತ್ತು ಅದನ್ನು ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

ಐವತ್ತು ದಾಟಿದವರು ತಮ್ಮನ್ನು ತಾವು ತಿದ್ದಿಕೊಳ್ಳುವ ಮೂರು ದಿನದ ಮೌನ ಶಿಬಿರ ಅದು. ಕೆಂಗೇರಿ ದಾಟಿದ ಮೇಲೆ ಒಂದು ಮಾವಿನ ತೋಪಿನಲ್ಲಿ ನಡೆಯುತ್ತಿತ್ತು. ಎಲ್ಲರಿಗೂ ಬಿಳಿ ಪಂಚೆ, ಬಿಳಿ ಅಂಗಿ, ಎದೆಗೆ ಅಂಗೈ ಅಗಲದ ಬ್ಯಾಡ್ಜ್: 'ನಾನು ಮೌನದಲ್ಲಿದ್ದೇನೆ.' ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ಜೊತೆಗೆ ಸೌತೆಕಾಯಿ. ಎರಡನೇ ದಿನ ಕಣ್ಣು ಮುಚ್ಚಿ ಉಸಿರು ಎಣಿಸುತ್ತಿದ್ದಾಗ ನನಗೆ ಮಸಾಲೆ ದೋಸೆ ಕಾಣಿಸಿತು. ತುಪ್ಪದ ಸಮೇತ. ಎದ್ದುಬಿಟ್ಟೆ.

ಗೇಟಿನ ಹತ್ತಿರ ಕಾವಲುಗಾರ, "ಎಲ್ಲಿಗೆ ಸಾರ್?" ಅಂದ. ಸುಳ್ಳು ಹುಡುಕುತ್ತಾ ನಿಂತಿದ್ದವನಿಗೆ ತಟ್ಟನೆ ಹೊಳೆಯಿತು. ಬ್ಯಾಡ್ಜ್ ತೋರಿಸಿ ಕೈ ಮುಗಿದೆ. ಪಾಪ, ಅವನೂ ಕೈ ಮುಗಿದು ಗೇಟು ತೆಗೆದ. ರಸ್ತೆ ತಿರುಗುವವರೆಗೂ ಗಂಭೀರವಾಗಿ ನಡೆದು, ಆಮೇಲೆ ಪಂಚೆ ಎತ್ತಿ ಕಟ್ಟಿ ಓಡಿದೆ.

ಬಸ್ಸಿನಲ್ಲಿ ಕಂಡಕ್ಟರ್ ಬ್ಯಾಡ್ಜ್ ಓದಿ, "ದಿನದ ಪಾಸ್ ಕೊಟ್ಬಿಡ್ಲಾ ಸ್ವಾಮಿ? ಎಲ್ಲಿ ಬೇಕಾದ್ರೂ ಇಳೀಬೋದು, ಎಲ್ಲಿ ಬೇಕಾದ್ರೂ ಹತ್ಬೋದು" ಅಂದ. ತಲೆಯಾಡಿಸಿದೆ. ಪಕ್ಕದಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ತಾಯಿ, ತಲೆ ಮೇಲೆ ಸೆರಗು ಹೊದ್ದು ಕೂತಿದ್ದರು. "ಸ್ವಾಮ್ಯಾರ, ನನ್ನ ಮಗಳಿಗೆ ಈ ವರ್ಷರ ಛಲೋ ವರ ಸಿಗತಾನೇನ್ರಿ?" ಅಂತ ಕೇಳಿದರು. ಅದಕ್ಕೂ ತಲೆಯಾಡಿಸಿದೆ. ಅವರ ಮುಖ ಅರಳಿದ್ದನ್ನು ನೋಡಿ ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟೆ. ಆ ತಾಯಿಯ ಕ್ಷಮೆಯನ್ನೂ ಕೇಳಬೇಕು.

ಮೂವತ್ತು ವರ್ಷ ಮನೆಯಿಂದ ಕಾರ್ಖಾನೆ, ಕಾರ್ಖಾನೆಯಿಂದ ಮನೆ. ಸ್ಕೂಟರಿನ ಮೇಲೆ ಹೋಗುವಾಗ ಮುಂದಿನ ಲಾರಿಯ ಹಿಂಭಾಗ ಬಿಟ್ಟು ನಾನು ಏನನ್ನೂ ನೋಡಿರಲಿಲ್ಲ. ಆವತ್ತು ಬಸ್ಸು ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಬ್ಯಾಡರಹಳ್ಳಿಯಲ್ಲಿ ಅರ್ಧ ಕಟ್ಟಿದ ಮನೆಗಳ ನಡುವೆ ಒಂದು ರಾಗಿ ಹೊಲ ಇನ್ನೂ ಉಳಿದುಕೊಂಡಿತ್ತು. ಅದರ ಬದುವಿನ ಮೇಲೆ ಕೂತು ಕಾಲಾಡಿಸಿದೆ. ರಾಜಾಜಿನಗರದ ಒಂದು ಹೋಟೆಲಿನಲ್ಲಿ ಬೆರಳು ತೋರಿಸಿಯೇ ಎರಡು ದೋಸೆ ತಿಂದೆ. ಮೂರನೆಯದಕ್ಕೆ ಮಾಣಿ, "ಮೌನ ಬಾಯಿಗೆ, ಹೊಟ್ಟೆಗಲ್ಲ ಅನ್ನಿ" ಅಂದ. ನಗು ತಡೆಯಲಾರದೆ ಕಾಫಿ ಮೂಗಿಗೆ ಹತ್ತಿತು.

ಸಂಜೆಯ ಹೊತ್ತಿಗೆ ವಿಜಯನಗರದ ಮಾರ್ಕೆಟ್ಟಿಗೆ ಬಂದೆ. ಆಗಿನ್ನೂ ಮೆಟ್ರೋ ಕಂಬಗಳು ಎದ್ದಿರಲಿಲ್ಲ, ರಸ್ತೆಯ ಮೇಲೆ ಆಕಾಶ ಇತ್ತು. ಅವರೆ ಕಾಲ. ಎಲ್ಲಿ ನೋಡಿದರೂ ಸೊಗಡು ಅವರೆಯ ಗುಡ್ಡೆ. ಬಗ್ಗಿ ಒಂದು ಕಾಯಿ ಎತ್ತಿ ಮೂಸುತ್ತಿದ್ದೆ.

"ರೀ!"

ನನ್ನ ಹೆಂಡತಿ. ಚೀಲ ಹಿಡಿದು ಎದುರಿಗೇ ನಿಂತಿದ್ದಾಳೆ! ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಅವಳೇ ಬ್ಯಾಡ್ಜ್ ನೋಡಿ, "ಓಹೋ, ಹೀಗೆ ಜನರ ಮಧ್ಯೆ ಬಿಟ್ಟು ಪರೀಕ್ಷೆ ಮಾಡ್ತಾರಾ? ಮಾತಾಡ್ಬೇಡಿ, ಮಾತಾಡ್ಬೇಡಿ!" ಅಂದಳು. ನಾನು ತಲೆಯಾಡಿಸಿದೆ. ನನ್ನ ತಪ್ಪು ಇದೇ, ಆ ಒಂದು ತಲೆಯಾಟ.

ಪಾರ್ಕಿನ ಕಲ್ಲುಬೆಂಚಿಗೆ ಕರೆದುಕೊಂಡು ಹೋದಳು. ಸೆರಗು ಹಾಸಿ, ಅವರೆಕಾಯಿ ಸುರಿದು, "ಸುಮ್ನೆ ಕೂತ್ರೆ ನಿದ್ದೆ ಹೋಗ್ತೀರ, ಬಿಡಿಸಿ" ಅಂದಳು. ಬಿಡಿಸತೊಡಗಿದೆ. ಅವಳು ಮಾತಾಡತೊಡಗಿದಳು.

ಲಗ್ಗೆರೆಯಲ್ಲಿ ದಾರಿ ತಪ್ಪಿದ್ದ ಕಥೆಯನ್ನು ಶುರು ಮಾಡಿದಳು. ಅದರ ಮೊದಲೆರಡು ವಾಕ್ಯ ನನಗೆ ಗೊತ್ತಿತ್ತು, ವರ್ಷಗಳ ಹಿಂದೆ ಅಲ್ಲಿಗೇ ನಿಲ್ಲಿಸಿದ್ದೆ. ಈಗ ಪೂರ್ತಿ ಕೇಳಿದೆ. ದಾರಿ ತಪ್ಪಿ ಯಾರದೋ ಸೀಮಂತಕ್ಕೆ ನುಗ್ಗಿದ್ದಾಳೆ, ಹೆಣ್ಣಿನ ಕಡೆಯವರು ಗಂಡಿನ ಕಡೆಯವಳು ಅಂದುಕೊಂಡಿದ್ದಾರೆ, ಗಂಡಿನ ಕಡೆಯವರು ಹೆಣ್ಣಿನ ಕಡೆಯವಳು ಅಂದುಕೊಂಡಿದ್ದಾರೆ. ಉಂಡು, ಹಾಡು ಹೇಳಿ, ರವಿಕೆ ಕಣ ಇಸಕೊಂಡು ಬಂದಿದ್ದಾಳೆ! ನಾನು ಬಾಯಿಗೆ ಪಂಚೆ ತುರುಕಿಕೊಂಡು ನಕ್ಕೆ. ಅವಳು ನನ್ನ ಬೆನ್ನಿಗೆ ಗುದ್ದುತ್ತಾ ನಕ್ಕಳು. ಇಷ್ಟು ತಮಾಷೆಯ ಹೆಂಗಸು ನನ್ನ ಮನೆಯಲ್ಲೇ ಇದ್ದಳು, ನನಗೆ ಗೊತ್ತಿರಲಿಲ್ಲ.

ನಗು ನಿಂತ ಮೇಲೆ, ಕಾಯಿ ಬಿಡಿಸುತ್ತಲೇ ಅಂದಳು: "ಈ ಶಿಬಿರದಿಂದ್ಲೂ ನೀವು ಸರಿಹೋಗ್ಲಿಲ್ಲ ಅಂದ್ರೆ ಚನ್ನಪಟ್ಟಣಕ್ಕೆ ಅಕ್ಕನ ಮನೆಗೆ ಹೋಗಿಬಿಡೋಣ ಅಂತಿದ್ದೆ. ಬಟ್ಟೆನೂ ಜೋಡ್ಸಿಟ್ಟಿದೀನಿ. ಈಗ ನೋಡಿದ್ರೆ, ಎಷ್ಟು ಚೆನ್ನಾಗಿ ಕೇಳಿಸ್ಕೊಳ್ತಿದೀರ."

ನಿಜ ಹೇಳುವ ಹೊತ್ತು ಅದೇ ಆಗಿತ್ತು. ಹೇಳಲಿಲ್ಲ. ಇನ್ನೊಂದು ಕಾಯಿ ಬಿಡಿಸಿದೆ.

ಆ ರಾತ್ರಿ ಕಾವಲುಗಾರನಿಗೆ ಮತ್ತೆ ಕೈ ಮುಗಿದು ತೋಪಿನೊಳಗೆ ಸೇರಿಕೊಂಡೆ. ಮರುದಿನ ಶಿಬಿರ ಮುಗಿಸಿ ಮನೆಗೆ ಹೋದಾಗ ಬಟ್ಟೆಯೆಲ್ಲ ಬೀರುವಿಗೆ ವಾಪಸು ಸೇರಿತ್ತು. ಅಂದಿನಿಂದ ತಿಂಗಳಿಗೊಂದು ಭಾನುವಾರ, "ರೀ, ಬ್ಯಾಡ್ಜ್ ಹಾಕ್ಕೊಳ್ಳಿ, ಹೊರಡೋಣ" ಅನ್ನುವಳು. ದಿನದ ಪಾಸ್ ತೆಗೆದುಕೊಂಡು ಎಲ್ಲಿಗೋ ಹೋಗುವುದು, ಅವಳು ಹೇಳುವುದು, ನಾನು ಕೇಳುವುದು. ಅರ್ಧಕ್ಕೆ ನಿಂತ ಕಥೆಗಳು ಒಂದೊಂದಾಗಿ ಮುಗಿದವು. ಕಂಡ ಕಂಡವರಿಗೆಲ್ಲ, "ನಮ್ಮೋರನ್ನ ಆ ಶಿಬಿರ ತಿದ್ದಿಬಿಡ್ತು" ಅನ್ನುವಳು. ಪ್ರತಿ ಸಲವೂ ನನಗೆ ಆ ದೋಸೆಗಳು ನೆನಪಾಗುತ್ತಿದ್ದವು. ಹೇಳಿದರೆ ಈ ಭಾನುವಾರಗಳು ನಿಂತುಹೋದಾವು ಎಂಬ ಹೆದರಿಕೆ.

ಹೋದ ಅವರೆ ಕಾಲದಲ್ಲಿ, ಬ್ಯಾಡರಹಳ್ಳಿಯ ಬಸ್ಸಿನಲ್ಲಿ, ಬ್ಯಾಡ್ಜ್ ಹಾಕಿಕೊಂಡೇ ಬಾಯಿ ಬಿಟ್ಟೆ. ಗೇಟು, ದೋಸೆ, ಹುಬ್ಬಳ್ಳಿಯ ತಾಯಿ, ಎಲ್ಲ ಹೇಳಿದೆ. ಅವಳು ಒಂದು ಸಲವೂ "ವಿಷಯಕ್ಕೆ ಬನ್ನಿ" ಅನ್ನಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತಳು.

"ಕಳ್ಳ" ಅಂದಳು. "ಅಲ್ಲಾ, ತಪ್ಪಿಸ್ಕೊಂಡು ಬಂದೋರು ನನ್ನ ಕಂಡ ತಕ್ಷಣ ಕೈಸನ್ನೆ ಮಾಡಿ ಓಡಿಹೋಗ್ಬೋದಿತ್ತು. ಅಷ್ಟೊತ್ತು ಯಾಕೆ ಕೂತಿದ್ರಿ?"

"ನೀನು ಹೇಳ್ತಿದ್ದದ್ದು ಮುಗಿದಿರ್ಲಿಲ್ಲವಲ್ಲ" ಅಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಓರೆಯಾಗಿದ್ದ ಬ್ಯಾಡ್ಜನ್ನು ನೆಟ್ಟಗೆ ಮಾಡಿದಳು.

"ಇನ್ನೂ ಮುಗಿದಿಲ್ಲ. ಬಾಯ್ಮುಚ್ಕೊಂಡು ಕೂತ್ಕೊಳ್ಳಿ."